ರಾಜ ಕೊಟ್ಟ ಕೋಣೆ

ಸುಮಾ ಕಷಾಯದ ಲೋಟವನ್ನು ಕುಡಿಯದೆ ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದಳು. "ಯನ್ನ ಕೈಲಿ ಆಗ್ತಿಲ್ಲೆ. ಆನು ಮನಿಗೆ ಹೋಗ್ತೆ!"

ಕಳೆದ ಭಾನುವಾರ, ಸಿದ್ದಾಪುರದಲ್ಲಿ ಮಹಿಳೆಯರ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಪಾತ್ರವಾಗಿ, ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ವಾದಿಸಬೇಕು. ನಮ್ಮ ಪಕ್ಕದ ಮನೆಯ ಸುಮಾಳಿಗೆ ಇದು ಮೊದಲ ಸಲ. ಅವಳು ಸಂಧಾನಕ್ಕೆ ಬಂದ ದೂತ. ಎದುರಿಗೆ ಯಾರಿಗೂ ಮಣಿಯದ ರಾಜ. ಆ ರಾಜ ಯಾರು? ಅವಳ ಸ್ವಂತ ಓರಗಿತ್ತಿ ಗಂಗಕ್ಕ!

ಸರಿ, ಡಯಾಗ್ನೋಸಿಸ್ ಶುರುವಾಯಿತು. "ಇದು ಆಂಕ್ಸೈಟಿ" ಎಂದಳು ಒಬ್ಬಳು. "ಅಲ್ದೇ, ಅವ್ಳು ಇಂಟ್ರೋವರ್ಟು." "ಎಂತದೂ ಅಲ್ಲ, ಕೀಳರಿಮೆ!"

ಅವರನ್ನೆಲ್ಲ ಜೀಪಿನಲ್ಲಿ ಕರೆತಂದ ನಾನು ಸುಮ್ಮನಿರುತ್ತೇನೆಯೇ? "ಇಂಟ್ರೋವರ್ಟ್ ಅಂದರೆ ಪುಕ್ಕಲರಲ್ಲ. ಗುಂಪಿನಲ್ಲಿ ದಣಿದು, ಒಬ್ಬರೇ ಇದ್ದಾಗ ಚೇತರಿಸಿಕೊಳ್ಳುವವರು. ಇನ್ನು ರಂಗಕ್ಕೆ ಮುಂಚಿನ ಅಳುಕು ಕಾಯಿಲೆಯಲ್ಲ..."

"ಲೆಕ್ಚರ್ ಮುಗತ್ತನಾ ತಮಾ? ಪದ ಶುರು ಮಾಡನ" ಎಂದಳು ಗಂಗಕ್ಕ.

ಸುಮಾ ತೊದಲಿದಳು. ರಾಜ ಕೆಣಕಿದ: "ಬಾಯಿಲ್ಲದ ದೂತನನ್ನು ಕಳಿಸಿದವರು ಯಾರು? ಬೇಕಾದ್ದೇನು, ಹೇಳು!"

ಆಗ ಆದದ್ದು ನೋಡಿ! ಸುಮಾ ತಲೆ ಎತ್ತಿದಳು.

"ರಾಜಾ, ಊರು ಬೇಡ, ಕೇರಿ ಬೇಡ. ಮೆತ್ತಿನ ಮೇಲಿನ ಆ ಮಹಡಿ ಕೋಣೆ ಕೊಡು. ತವರಿನವರು ಬಂದರೆ ಬೇಕೆಂದು ವರ್ಷವಿಡೀ ಬೀಗ ಜಡಿದಿದ್ದೀಯಲ್ಲ, ಅದು! ಅಡುಗೆಮನೆಯಲ್ಲಿ ಕೂತು ಬಿ.ಎಡ್. ಓದಲೆ ಆಗ್ತಿಲ್ಲೆ ಯಂಗೆ!"

(ಒಬ್ಬರ ಮೇಲಿನ ಸಿಟ್ಟನ್ನು ಅಪಾಯವಿಲ್ಲದ ಇನ್ನೊಬ್ಬರ ಮೇಲೆ ತೀರಿಸುವುದು ಡಿಸ್‌ಪ್ಲೇಸ್‌ಮೆಂಟ್. ಗಂಗಕ್ಕನ ಮೇಲಿನ ಸಿಟ್ಟು ರಾಜನ ಮೇಲೆ. ಆದರೆ ಇಲ್ಲಿ ಇಬ್ಬರೂ ಒಂದೇ ಕುರ್ಚಿಯಲ್ಲಿದ್ದಾರಲ್ಲ! ಇದಕ್ಕೆ ಏನೆನ್ನೋಣ?)

ಪ್ರಸಂಗದ ಪ್ರಕಾರ ರಾಜ ಒಪ್ಪುವಂತಿಲ್ಲ. ಒಪ್ಪಿದರೆ ಯುದ್ಧವಿಲ್ಲ, ಕಥೆಯೇ ಖಲಾಸ್. ಎದುರಿನ ಸಾಲಿನಲ್ಲಿ ಮನೆಯವರೆಲ್ಲ ಕುಳಿತಿದ್ದಾರೆ. ಗಂಗಕ್ಕ ಸೆರಗಿನಿಂದ ಬೆವರು ಒರೆಸಿಕೊಂಡಳು.

"ಕೊಟ್ಟೆ!"

ಭಾಗವತರ ತಾಳ ಗಾಳಿಯಲ್ಲೇ ನಿಂತಿತು. ಚಪ್ಪಾಳೆಯೋ ಚಪ್ಪಾಳೆ!

ನಿಜಕ್ಕೂ 'ಕೊಟ್ಟೆ' ಎಂದಳೇ? 'ನೋಡೋಣ' ಎಂದಳು ಎಂದು ಊರಿಗೆ ಮರಳುವಾಗ ಜೀಪಿನಲ್ಲಿ ಇಬ್ಬರು ವಾದಿಸಿದರು. ನಾನು ಸುಮಾಳ ಕಡೆಯವನು, ನನಗೆ ಬೇಕಾದ್ದೇ ಕೇಳಿಸಿರಬಹುದು. ನಂಬಿದ್ದಕ್ಕೆ ಒಪ್ಪುವುದನ್ನೇ ಹೆಕ್ಕಿಕೊಳ್ಳುವ ಈ ಚಾಳಿಗೂ ಹೆಸರುಂಟು: ಕನ್ಫರ್ಮೇಶನ್ ಬಯಾಸ್. ನೆನಪು ರೆಕಾರ್ಡಿಂಗ್ ಅಲ್ಲ ಸ್ವಾಮಿ, ಪ್ರತಿ ಸಲವೂ ಹೊಸದಾಗಿ ಹೊಲಿದ ಅಂಗಿ. ನನ್ನ ಮಾತನ್ನೂ ಪೂರ್ತಿ ನಂಬಬೇಡಿ.

ಕೊನೆಗೆ ಗಂಗಕ್ಕನೇ ತೀರ್ಪು ಕೊಟ್ಟಳು. "ಹೌದು, ಕೊಟ್ಟೆ ಹೇಳಿದ್ದೆ. ಆದ್ರೆ ಅದು ರಾಜ ಕೊಟ್ಟಿದ್ದು, ಆನಲ್ಲ."

"ಹಂಗಾರೆ ಕೇಳಿದ್ದೂ ದೂತನೇಯ" ಎಂದಳು ಸುಮಾ. "ಅವ ಬಂದು ಮೆತ್ತಿನ ಮೇಲೆ ಓದ್ತ, ಬಿಡು!"

ಜೀಪಿಗೆ ಜೀಪೇ ನಕ್ಕಿತು. ಗಂಗಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು, ನಗು ಮುಚ್ಚಲಿಕ್ಕೆ.

ಆಡಿದ್ದೊಂದು, ಮಾಡುವುದೊಂದು ಆದಾಗ ಮನಸ್ಸಿನೊಳಗೆ ಏಳುವ ಕಿರಿಕಿರಿಯೇ ಕಾಗ್ನಿಟಿವ್ ಡಿಸೊನೆನ್ಸ್. ಸೋಮವಾರದಿಂದ ಗಂಗಕ್ಕನಿಗೆ ಅದೇ ಆಗಿತ್ತು. ಹಾಲಿನ ಡೈರಿಯಲ್ಲಿ, ಬಸ್ ಸ್ಟಾಪಿನಲ್ಲಿ, ಎಲ್ಲಿ ಹೋದರೂ ಒಂದೇ ಪ್ರಶ್ನೆ: "ಕೋಣೆ ಕೊಟ್ಯ, ಮಹಾರಾಜಾ?"

ಗುರುವಾರ ಬೀಗ ತೆರೆಯಿತು. ನಿನ್ನೆ ಗಂಗಕ್ಕನ ಅಣ್ಣ ಬಂದಿದ್ದ. ಜಗಲಿಯಲ್ಲೇ ಹಾಯಾಗಿ ಮಲಗಿದ. ಮೇಲೆ ಸುಮಾ ಒಳಗಿನಿಂದ ಚಿಲಕ ಹಾಕಿಕೊಂಡು ಓದುತ್ತಿದ್ದಳು.

ನಿಮ್ಮ ಮನೆಯಲ್ಲೂ ಒಂದು ಕೋಣೆ ಕೇಳುವುದಕ್ಕೆ ದೂತನೇ ಬರಬೇಕೇ?