ಸೆಲೆ ಬತ್ತಿಸಿದವರು

ನೀಲಗಿರಿ ಎಣ್ಣೆಯ ವಾಸನೆ ಎಲ್ಲರಿಗೂ ಹಿತವಂತೆ. ನೆಗಡಿಯಾದರೆ ಎದೆಗೆ ತಿಕ್ಕಿಕೊಳ್ಳುತ್ತಾರೆ, ಮೂಗು ತೆರೆಯಿತೆಂದು ಹಾಯಾಗಿ ಉಸಿರೆಳೆಯುತ್ತಾರೆ. ನನಗೆ ಮಾತ್ರ ಅದು ಆಗದು. ಕಳೆದ ವಾರ ಪುಣೆಯ ಮಗರಪಟ್ಟಾದ ನಮ್ಮ ಮನೆಯಲ್ಲಿ ಸೊಸೆ ನೆಲ ಒರೆಸುವ ನೀರಿಗೆ ಅದರ ಕೆಲವು ಹನಿ ಹಾಕಿದ್ದಳು. ನಾನು ಉಣ್ಣುತ್ತಿದ್ದ ಗಂಗಾಳ ಬಿಟ್ಟು ಎದ್ದು ಬಾಲ್ಕನಿಗೆ ಹೋಗಿ ನಿಂತೆ. "ಯಾಕ್ರೀ ಅತ್ತಿಯವರ, ಆರಾಮಿಲ್ಲೇನು?" ಎಂದು ಕೇಳಿದಳು ಪಾಪ. ಆ ವಾಸನೆಯಲ್ಲಿ ನನ್ನ ಅವ್ವನ ಬಾಳೇ ಹೋಗಿದೆ ಎಂದು ಊಟದ ಹೊತ್ತಿನಲ್ಲಿ ಹೇಳಲಾಗುತ್ತದೆಯೇ.

ಹಿಂಜವಾಡಿಯಲ್ಲಿ ಕಂಪನಿಗಳ ಗಾಜಿನ ಕಟ್ಟಡಗಳು ಇನ್ನೂ ಏಳದಿದ್ದ ಕಾಲ. ಅಲ್ಲಿಂದಾಚೆ ಒಂದು ಗುಡ್ಡದ ಬುಡದಲ್ಲಿ ನಮ್ಮ ಖಾನಾವಳಿಯಿತ್ತು. ತಗಡಿನ ಮಾಡು, ಸಗಣಿ ಸಾರಿಸಿದ ನೆಲ, ಎರಡು ಒಲೆ. ಯಜಮಾನಿಕೆ ನನ್ನ ಆಯಿಯದು, ಅಂದರೆ ಅಪ್ಪನ ತಾಯಿಯದು. ರೊಟ್ಟಿ ಬಡಿಯುವ ಪಾಡು ಅವ್ವನದು. ಉಣ್ಣಲು ಬರುತ್ತಿದ್ದವರು ಕಲಬುರಗಿ, ಯಾದಗಿರಿ ಕಡೆಯಿಂದ ಕಲ್ಲುಗಣಿಯ ಕೆಲಸಕ್ಕೆ ಬಂದ ನಮ್ಮವರೇ. ಅಷ್ಟು ದೂರ ನಡೆದು ಬರುತ್ತಿದ್ದುದು ನಮ್ಮ ತೊಗರಿಬೇಳೆಗಾಗಿ. ಗುಡ್ಡದ ಮೈಯಲ್ಲಿ, ಔದುಂಬರದ, ಅಂದರೆ ಅತ್ತಿಮರದ ಬೇರಿನ ಕೆಳಗೊಂದು ಸೆಲೆಯಿತ್ತು. ಕಡು ಬೇಸಿಗೆಯಲ್ಲೂ ಕಿರುಬೆರಳ ಗಾತ್ರ ಹರಿಯುತ್ತಿತ್ತು. ಆ ಸಿಹಿನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ಸೆಲೆಯ ಮೇಲ್ಭಾಗಕ್ಕೆಲ್ಲ ಮೊಣಕಾಲೆತ್ತರದ ಹುಲ್ಲು, ಕವಳಿಹಣ್ಣಿನ ಮುಳ್ಳುಕಂಟಿ, ವರ್ಷಗಟ್ಟಲೆ ಉದುರಿ ಕೊಳೆತ ಎಲೆ. ಮೇಲೆ ಕಾಲಿಟ್ಟರೆ ನೆನೆದ ಗಾದಿಯಂತೆ ತಗ್ಗುತ್ತಿತ್ತು. ಎಂಥ ಬಿರುಮಳೆಯೂ ಅಲ್ಲಿ ಸದ್ದಡಗಿಸಿಕೊಂಡು ಮೆಲ್ಲಗೆ ಒಳಗಿಳಿಯುತ್ತಿತ್ತು. ಶುಕ್ರವಾರ ಆಯಿ ಸೆಲೆಯ ಪಕ್ಕದ ದೇವಿಯ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಬರುತ್ತಿದ್ದಳು. ಹೊರಗಾದ ಹೆಂಗಸರು ಆ ಕಡೆ ಹಾಯಕೂಡದೆಂಬುದು ಅವಳ ಕಟ್ಟಪ್ಪಣೆ.

ಒಂದು ಬೇಸಿಗೆಯಲ್ಲಿ ಗುಡ್ಡ ಉದ್ಧಾರ ಮಾಡುವ ಯಾವುದೋ ಮಂಡಳಿಯವರು ಶಹರದಿಂದ ಜೀಪಿನಲ್ಲಿ ಬಂದಿಳಿದರು. ಅವರ ಮುಖಂಡ ಮೂಗಿಗೆ ಕರವಸ್ತ್ರ ಹಿಡಿದು, "ಡೋಂಗರ ಕಸಾ ಸ್ವಚ್ಛ ಪಾಹಿಜೇ!" ಎಂದ. ಗುಡ್ಡ ಸ್ವಚ್ಛ ಇರಬೇಕಂತೆ, ಮದುವೆ ಚಪ್ಪರವೇನೋ ಎನ್ನುವಂತೆ. ಅವನ ಕಣ್ಣಿಗೆ ಹುಲ್ಲೂ ಕಸ, ಕಂಟಿಯೂ ಕಸ, ಕೊಳೆತ ಎಲೆಯಂತೂ ಬರೀ ಹೊಲಸು. ಕಂಟಿ ಕಡಿಸಿದರು. ಎಲೆ ಗುಡಿಸಿ ಬೆಂಕಿ ಹಚ್ಚಿಸಿದರು. ಬೋಳು ಮಣ್ಣಿನಲ್ಲಿ ಸಾಲುಸಾಲು ತಗ್ಗು ತೋಡಿಸಿ ನೀಲಗಿರಿ ನೆಟ್ಟು, ಹಾರ ಹಾಕಿಸಿಕೊಂಡು, ಪೇಢೆ ತಿಂದು, ಫೋಟೋ ತೆಗೆಸಿಕೊಂಡು ಹೋದರು. ಸಸಿಗಳನ್ನು ಬದುಕಿಸಿದವಳು ಆಯಿ. "ಗಿಡಕ್ಕ ನೀರ ಹಾಕೂದಂದ್ರ ಭಾಳ ಪುಣ್ಯದ ಕೆಲ್ಸ ಅದ," ಎನ್ನುತ್ತ ಸೆಲೆಯ ನೀರನ್ನೇ ಹೊತ್ತು ಹೊತ್ತು ಹಾಕಿದಳು, ನಮ್ಮಿಂದಲೂ ಹಾಕಿಸಿದಳು. ಹಾವಿಗೆ ಹಾಲೆರೆಯುವುದೆಂದರೆ ಇದೇ ಎಂದು ಆಗ ಯಾರಿಗೆ ಗೊತ್ತಿತ್ತು?

ನೋಡನೋಡುತ್ತ ಗಿಡಗಳು ತಗಡಿನ ಮಾಡು ಮೀರಿ ಬೆಳೆದವು. ಮಂಡಳಿಯವರು ಮತ್ತೆ ಬಂದು, ಕಾಡಾಯಿತೆಂದು ಹಿಗ್ಗಿದರು. ಅದೆಂಥ ಕಾಡು! ಒತ್ತೊತ್ತಾಗಿ ನಿಂತ ಆ ಮರಗಳು ಮಣ್ಣಿನಾಳದ ನೀರನ್ನು ಹಗಲಿಡೀ ಹೀರಿ ಎಲೆಗಳಿಂದ ಗಾಳಿಗೆ ಬಿಡುತ್ತಿದ್ದವು. ಉದುರಿದ ಎಲೆಯನ್ನೂ ಸ್ವಚ್ಛತೆಯ ಹೆಸರಿನಲ್ಲಿ ವರ್ಷವರ್ಷವೂ ಗುಡಿಸಿ ಸುಡಿಸುತ್ತಿದ್ದರು. ಮಳೆಯನ್ನು ತಡೆದು ಇಂಗಿಸಲು ಏನೂ ಉಳಿಯಲಿಲ್ಲ. ಮಳೆಗಾಲದಲ್ಲಿ ಕೆಂಪು ರಾಡಿ ನಮ್ಮ ಒಲೆಗೇ ನುಗ್ಗಿತು. ಬೇಸಿಗೆ ಬರುವ ಮೊದಲೇ ಸೆಲೆ ಬತ್ತಿತು. ಟ್ಯಾಂಕರಿನ ಗಡಸು ನೀರು ತರಿಸಿದೆವು. ಎಷ್ಟು ಉರಿ ಹಾಕಿದರೂ ಬೇಳೆ ಬೇಯಲೊಲ್ಲದು. "ಆಯೀ, ಗಣ್ಯಾಗೂ ಕಲ್ಲ, ಗಂಗಾಳದಾಗೂ ಕಲ್ಲೇನ್ರಿ?" ಎಂದು ಗಣಿಯವರು ಮೊದಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಬರುವುದನ್ನೇ ಬಿಡತೊಡಗಿದರು.

ಆಯಿ ತಪ್ಪು ಯಾರದೆಂದು ಹುಡುಕಿದಳು. ಗುಡ್ಡದ ತುಂಬ ನಿಂತಿದ್ದ ಕಳ್ಳರು ಅವಳಿಗೆ ಕಾಣಲಿಲ್ಲ. ಒಲೆಯ ಮುಂದೆ ಕೂತಿದ್ದ ಸೊಸೆ ಕಂಡಳು. "ಹೊರಗಾದಾಕಿ ಹೋಗಿ ಸೆಲಿ ಮುಟ್ಯಾಳ. ಅದಕ್ಕ ದೇವಿ ಮುನಿಸ್ಯಾಳ," ಎಂದು ಉಣ್ಣುತ್ತಿದ್ದ ಗಂಡಸರೆದುರೇ ಹೇಳಿಬಿಟ್ಟಳು. ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಲೇ ಇದ್ದ. ಅವ್ವ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು, ಪಕ್ಕದ ನೀರಿನ ಕೊಡದಿಂದ ದೂರ ಸರಿದು ಕೂತಳು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಗುಡ್ಡ ಬೋಳಿಸಿದವರಿಗೆ ಹಾರ, ರೊಟ್ಟಿ ಬಡಿದವಳಿಗೆ ಮೈಲಿಗೆ. ಥೂ!

ಖಾನಾವಳಿ ಮುಚ್ಚಿತು. ಆಯಿ ಊರಿಗೆ ಹೋಗಿ, ಅದೇ ಮಾತು ಆಡುತ್ತಲೇ ಸತ್ತಳು. ಅಪ್ಪ, ಅವ್ವ, ನಾನು ಕಟ್ಟಡದ ಕೆಲಸ ಹಿಡಿದು ಊರೆಲ್ಲ ಸುತ್ತಿದೆವು; ನಾನು ರಾತ್ರಿಶಾಲೆಯಲ್ಲಿ ಓದಿಕೊಂಡೆ. ಈಗ ಆ ಗುಡ್ಡದ ಬುಡದಲ್ಲಿ ಬಹುಮಹಡಿಗಳು ಎದ್ದಿವೆ. ಇಲ್ಲಿ ಮಗರಪಟ್ಟಾದಲ್ಲಿ ನಮ್ಮ ಸೊಸೈಟಿಯವರೂ ಮಳೆಗಾಲಕ್ಕೊಮ್ಮೆ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ, ಮರುದಿನವೇ ಮರಗಳ ಕೆಳಗಿನ ಎಲೆಯನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿ ಎಸೆಯಿಸುತ್ತಾರೆ. ನೋಡಿದರೆ ಅಸಹ್ಯವಾಗಿ ಕಿಟಕಿ ಮುಚ್ಚುತ್ತೇನೆ.

ಅವ್ವ ಕೊನೆಯ ದಿನಗಳನ್ನು ಕಳೆದದ್ದು ಈ ಮನೆಯಲ್ಲೇ. ಅವಳು ಹಾಸಿಗೆ ಹಿಡಿದಾಗ, ಇನ್ನು ತಡ ಮಾಡಬಾರದೆಂದು, ಪಕ್ಕದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಹುಲ್ಲು ಮಳೆ ತಡೆಯುವುದು, ಎಲೆ ನೀರು ಇಂಗಿಸುವುದು, ನೀಲಗಿರಿ ಹೀರುವುದು. "ಸೆಲಿ ಬತ್ತಿದ್ದು ಆ ಗಿಡದಿಂದ ಅವ್ವಾ, ನಿನ್ನಿಂದ ಅಲ್ಲ," ಎಂದೆ. ಅವ್ವ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ನನ್ನ ಕೈ ಹಿಡಿದು, "ನೀ ಓದಿದಾಕಿ, ನೀ ಹೇಳೂದು ಖರೆ ಇರಬೇಕು ತಂಗಿ," ಎಂದಳು. "ಆದ್ರ ಸೆಲಿ ಬತ್ತೂಕಿಂತ ಮೊದಲ ಒಂದಿನ ಮನ್ಯಾಗ ಹನಿ ನೀರಿರಲಿಲ್ಲ. ನೀ ಜ್ವರದಾಗ ನೀರು ನೀರು ಅಂತಿದ್ದಿ. ನಾ ಹೊರಗಾಗಿದ್ದೆ. ಆದ್ರೂ ಸೆಲಿಗೆ ಹೋಗಿ ತಂದೆ."

ಇಷ್ಟು ವರ್ಷ ಅವ್ವ ಕುಡಿಯುವ ನೀರಿನ ಕೊಡವನ್ನು ತಾನಾಗಿ ಏಕೆ ಮುಟ್ಟಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಸೆಲೆ ಬತ್ತಿದ್ದು ತನ್ನಿಂದಲ್ಲ ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ. ತೀರಿಕೊಂಡ ದಿನ ಬೆಳಿಗ್ಗೆಯೂ, ತುಂಬಿದ ತಂಬಿಗೆ ಕೈಗೆಟುಕುವಂತೆ ಇದ್ದರೂ, ಯಾರಾದರೂ ಬಂದು ಹೊಯ್ಯಲಿ ಎಂದು ಬೊಗಸೆ ಒಡ್ಡಿಕೊಂಡು ಕೂತಿದ್ದಳು.