ಮಾಹಿತಿದಾರೆ ನಂಬರ್ ನಾಲ್ಕು

ಬೌದ್ಧ ಧರ್ಮದ ಬಗ್ಗೆ ಪಿಎಚ್‌.ಡಿ. ಮಾಡುತ್ತಿರುವ ನಾನು, ಒಂದು ಭಾನುವಾರ, ಲಂಡನ್ನಿನ ಹಳೆಯ ವಿದ್ವಾಂಸರ ಮಾತುಗಳನ್ನು ಆಧರಿಸಿ ಬರೆದ ಮೊದಲ ಅಧ್ಯಾಯವನ್ನು ಮೇಟಗಳ್ಳಿಯ ಪುಟ್ಟಮ್ಮನವರಿಗೆ ಓದಿ ಹೇಳಿದೆ. ಕಾರ್ಖಾನೆಯಿಂದ ನಿವೃತ್ತರಾದ ಅವರ ಮನೆಯಲ್ಲಿ ವಾರವಾರ ಬುದ್ಧವಂದನೆ ನಡೆಯುತ್ತದೆ. ಎರಡು ವರ್ಷ ಅವರನ್ನು ಕೇಳಿ ಕೇಳಿಯೇ ಬರೆದುಕೊಂಡಿದ್ದೆ.

"ಇದರಲ್ಲಿ ನಾನೆಲ್ಲಿದ್ದೀನಿ?" ಅಂದರು.

"ಇಲ್ಲೇ ಇದ್ದೀರಲ್ಲ, ಮಾಹಿತಿದಾರೆ ನಂಬರ್ ನಾಲ್ಕು."

"ಅಲ್ಲ ಕಣಮ್ಮ, ನೂರು ವರ್ಷದ ಹಿಂದೆ ಲಂಡನ್‌ನಲ್ಲಿ ಕೂತು ಬರೆದೋನು ವಿದ್ವಾಂಸ, ದಿನಾ ಪಂಚಶೀಲ ಹೇಳೋ ನಾನು ಬರೀ ನಂಬರಾ? ನಾವು ಹೂವಿಡೋದು ತಪ್ಪು ಅಂತ ಅವನಂದ್ರೆ, ನೀನೂ ಹೂಂ ಅಂದ್ಬುಟ್ಟಿದ್ದೀಯಲ್ಲ!"

ನಿಜ. ಬುದ್ಧನಿಗೆ ಹೂವಿಡುವುದು ಆಮೇಲೆ ಸೇರಿದ ಕಲಬೆರಕೆ ಎಂದು ಬರೆದು, ಅವರಿಟ್ಟ ಹೂವಿನ ಎದುರೇ ಕೂತು ಓದಿದ್ದೆ.

ಅವರ ಹೆಸರನ್ನು ವಿದ್ವಾಂಸರ ಪಟ್ಟಿಗೆ ಸೇರಿಸುತ್ತೇನೆ ಎಂದು ನನ್ನ ಗೈಡ್‌ಗೆ ಹೇಳಿದೆ. "ಪುಸ್ತಕ ಬರೆಯದವರನ್ನು ಸೇರಿಸೋ ಪದ್ಧತಿ ಇಲ್ಲ" ಅಂದವರು, ಆಮೇಲೆ ತಾವೇ ನಕ್ಕರು. "ಬುದ್ಧನೂ ಬರೀಲಿಲ್ಲ ಬಿಡಿ. ಸೇರಿಸಿ."

ಈಗ ಪುಟ್ಟಮ್ಮನವರು ಉಳಿದ ಅಧ್ಯಾಯಗಳನ್ನೂ ತರಿಸಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಾರೆ. ಇದೊಂದು ವಿಷಯದಲ್ಲಿ ಲಂಡನ್ನಿನ ವಿದ್ವಾಂಸರೇ ವಾಸಿ; ಅವರಲ್ಲಿ ಒಬ್ಬರೂ ನನ್ನ ಎರಡನೇ ಅಧ್ಯಾಯವನ್ನು ಮೂರು ಸಲ ವಾಪಸ್ ಕಳಿಸಿರಲಿಲ್ಲ.