ಮೇಲಿನ ಒಂದು ರೂಪಾಯಿ

ನಮ್ಮದು ತಮಿಳುನಾಡಿನ ಓಮಲೂರಿನಲ್ಲಿ ಒಂದು ಪಾತ್ರೆ ಅಂಗಡಿ. ಸ್ಟೀಲ್ ಕೊಡ, ತಟ್ಟೆ, ಅನ್ನದ ಅಂಡೆ, ಮದುವೆಗೆ ಕೊಡುವ ಹಿತ್ತಾಳೆ ದೀಪ, ಇಷ್ಟೇ. ಅಂಗಡಿ ನನ್ನ ಹೆಸರಿನಲ್ಲಿದೆ, ಬ್ಯಾಂಕ್ ಖಾತೆಯೂ ನನ್ನದೇ. ಗಲ್ಲಾದ ಮುಂದೆ ಕೂರುವುದು ನಮ್ಮ ಯಜಮಾನರು, ಸಹಿ ಹಾಕುವುದು ನಾನು. ಈ ಏರ್ಪಾಡು ನನಗೆ ಬಹಳ ಹೆಮ್ಮೆಯದಾಗಿತ್ತು, ಆ ನೋಟೀಸು ಬರುವವರೆಗೆ.

ನಾನು ಬಿ.ಕಾಂ. ಓದಿದವಳು. ಆದರೂ ತೆರಿಗೆ ಕಚೇರಿಯ ಆ ಒಂದು ಪುಟವನ್ನು ನಿಂತು ಓದಿ, ಕೂತು ಓದಿ, ಕೊನೆಗೆ ಬಾಗಿಲು ಹಾಕಿಕೊಂಡು ಓದಿದೆ. ಅಂಗಡಿಯ ಖಾತೆಗೆ ಫೋನಿನಿಂದ ಬಂದಿರುವ ಹಣ, ಜಿಎಸ್‌ಟಿ ನೋಂದಣಿ ಇಲ್ಲದವರು ಮಾಡಬಹುದಾದ ವ್ಯಾಪಾರದ ಮಿತಿಯನ್ನು ದಾಟಿದೆಯಂತೆ. ಏಕೆ ನೋಂದಾಯಿಸಲಿಲ್ಲ, ಏಕೆ ತೆರಿಗೆ ಕಟ್ಟಲಿಲ್ಲ, ಮುಂದಿನ ತಿಂಗಳ ಮೊದಲ ವಾರದೊಳಗೆ ವಿವರಣೆ ಕೊಡಬೇಕಂತೆ. ಇಲ್ಲದಿದ್ದರೆ ಬಂದ ಅಷ್ಟಕ್ಕೂ ತೆರಿಗೆ, ಅದರ ಮೇಲೆ ದಂಡ. ಅಷ್ಟು ಕಟ್ಟುವುದೆಂದರೆ ಅಂಗಡಿಯಲ್ಲಿದ್ದ ಸರಕನ್ನೆಲ್ಲ ತೂಕಕ್ಕೆ ಮಾರಬೇಕಿತ್ತು.

ಅಷ್ಟೊಂದು ವ್ಯಾಪಾರ ನಾನು ಕನಸಿನಲ್ಲೂ ಮಾಡಿಲ್ಲ. ಹಾಗಾದರೆ ಹಣ ಎಲ್ಲಿಂದ ಬಂತು ಎಂದು ಯೋಚಿಸಬೇಕಾಗಿಯೂ ಇರಲಿಲ್ಲ. ನೋಟೀಸು ಓದುತ್ತಿದ್ದಂತೆಯೇ ಗೊತ್ತಾಯಿತು. ಅದು ಮುಯ್ಯಿ ಹಣ.

ಇಲ್ಲಿ ನೆಲೆಸಿದ ನಮ್ಮ ಕನ್ನಡ ಜನರಲ್ಲಿ ಮದುವೆಯಾಗಲಿ, ಕಿವಿ ಚುಚ್ಚುವುದಾಗಲಿ, ಬಂದ ನೆಂಟರು ಊಟಕ್ಕೆ ಮೊದಲು ಮುಯ್ಯಿ, ತಮಿಳಿನಲ್ಲಿ ಮೊಯ್, ಹಾಕಬೇಕು. ಯಾರು ಎಷ್ಟು ಹಾಕಿದರೆಂದು ಬರೆದಿಟ್ಟುಕೊಂಡು, ಅವರ ಮನೆಯ ವಿಶೇಷಕ್ಕೆ ಹೋಗಿ ಅದನ್ನು ತೀರಿಸಬೇಕು. ದುಂಡು ಮೊತ್ತ ಮಾತ್ರ ಹಾಕುವ ಹಾಗಿಲ್ಲ. ಐನೂರಾದರೆ ಐನೂರ ಒಂದು, ಸಾವಿರವಾದರೆ ಸಾವಿರದ ಒಂದು. ಮೇಲಿನ ಆ ಒಂದು ರೂಪಾಯಿ ಇದ್ದರೆ ಕೊಟ್ಟು ತೆಗೆದುಕೊಳ್ಳುವುದು ಮುಂದುವರಿಯುತ್ತದೆ, ಇಲ್ಲದಿದ್ದರೆ ಲೆಕ್ಕ ಮುಗಿಯಿತು ಎಂದು ಅರ್ಥ.

ಈಚೆಗೆ ಯಾರ ಜೇಬಿನಲ್ಲೂ ನೋಟಿಲ್ಲ, ಎಲ್ಲರೂ ಫೋನ್ ಹಿಡಿದುಕೊಂಡೇ ಬರುತ್ತಾರೆ. ನೆಂಟರ ಪೈಕಿ ಸ್ಕ್ಯಾನ್ ಮಾಡುವ ಬೋರ್ಡು ಇದ್ದದ್ದು ನನ್ನ ಅಂಗಡಿಯಲ್ಲಿ ಮಾತ್ರ. ಮೊದಲು ಅದನ್ನು ಕೇಳಿದ್ದು ನಮ್ಮ ಭಾವ, ಎಂದರೆ ಯಜಮಾನರ ಅಣ್ಣ. ಪಾಲಕೋಡಿನಲ್ಲಿ ಟೊಮೆಟೊ ಮಂಡಿ ಇಟ್ಟಿದ್ದಾರೆ. ಮಗಳ ಮದುವೆಗೆ, "ನಿನ್ನ ಬೋರ್ಡ್ ಒಂದು ತಂದು ಮೊಯ್ ಟೇಬಲ್ ಮೇಲೆ ಇಕ್ಕಮ್ಮ, ಅಪ್ಪುರಂ ಲೆಕ್ಕ ಮಾಡಿ ಕೊಡುವಿಯಂತೆ," ಎಂದಿದ್ದರು. ನನಗೂ ದೊಡ್ಡಸ್ತಿಕೆ. ಬೋರ್ಡನ್ನು ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡು ಹೋದೆ.

ಹಣ ಬಿದ್ದಾಗ ತಮಿಳಿನಲ್ಲಿ ಕೂಗಿ ಹೇಳುವ ಡಬ್ಬ ಮಾತ್ರ ಅಂಗಡಿಯಲ್ಲೇ ಉಳಿದಿತ್ತು. ಬೆಳಗಿನ ಮುಹೂರ್ತ ಮುಗಿಸಿಕೊಂಡು ಅಂಗಡಿ ತೆರೆಯಲು ಓಮಲೂರಿಗೆ ಮರಳಿದ್ದ ಯಜಮಾನರು ಮಧ್ಯಾಹ್ನ ಫೋನ್ ಮಾಡಿದರು. "ಅಂಗ್ಡೀಲಿ ಒಂದು ನೊಣಾನೂ ಇಲ್ಲ ಕಣೇ. ಈ ಡಬ್ಬ ನೋಡಿದ್ರೆ ಬಂದಾಗಿಂದ ಐನೂಟ್ರಿ ಒನ್ರು, ಐನೂಟ್ರಿ ಒನ್ರು ಅಂತ ಬಡ್ಕೊಳ್ತಾ ಐತೆ." ಮಂಟಪದಲ್ಲಿ ಇದನ್ನು ಎಲ್ಲರಿಗೂ ಹೇಳಿ ನಕ್ಕಿದ್ದೆ.

ಆಮೇಲೆ ನಲ್ಲಂಪಳ್ಳಿ ಕಡೆಯ ನೆಂಟರು ಕೇಳಿದರು, ಅವರ ಬೀಗರು ಕೇಳಿದರು. ಆ ವರ್ಷ ನನ್ನ ಬೋರ್ಡು ನನಗಿಂತ ಹೆಚ್ಚು ಮದುವೆ ಊಟ ಕಂಡಿತು. ಪ್ರತಿ ಸಲವೂ ಬ್ಯಾಂಕಿನಿಂದ ಹಣ ತೆಗೆದು, ನೋಟಾಗಿ ಎಣಿಸಿ, ಅವರವರ ಕೈಗೆ ಕೊಟ್ಟು ಬಂದಿದ್ದೆ.

ನೋಟೀಸು ಹಿಡಿದುಕೊಂಡು ಸೇಲಂಗೆ ಹೋದೆ. ಅಲ್ಲಿನ ಆಡಿಟರ್ ನಮ್ಮ ಜನದ ಹುಡುಗಿಯೇ, ಅರ್ಧ ಕನ್ನಡ ಅರ್ಧ ತಮಿಳು ಮಾತಾಡುವವಳು. ಎಲ್ಲಾ ಕೇಳಿ, "ಮೊಯ್ ವ್ಯಾಪಾರ ಅಲ್ಲಕ್ಕಾ, ಸರಿ. ಆದ್ರೆ ಅದು ಮೊಯ್ ಅಂತ ಅವ್ರಿಗೆ ಎಪ್ಪಡಿ ಗೊತ್ತಾಗೋದು? ಅಂಗಡಿ ಅಕೌಂಟಿಗೆ ಬಂದದ್ದೆಲ್ಲಾ ಕಡೈ ದುಡ್ಡು ಅಂತ ತಾನೇ ತಗೊಳ್ಳೋದು?" ಎಂದಳು.

"ನಾನು ಎಲ್ಲಾ ವಾಪಸ್ ಕೊಟ್ಟಿದ್ದೀನಮ್ಮ."

"ಅಕೌಂಟಲ್ಲಿ ಆಕಿದ್ರಾ?"

"ಇಲ್ಲ, ನೋಟಾಗಿ ಕೊಟ್ಟೆ."

ಅವಳು ಪೆನ್ನು ಕೆಳಗಿಟ್ಟಳು. ಯಾರ್ಯಾರ ಮನೆಯ ವಿಶೇಷವೋ ಅವರೆಲ್ಲರಿಂದ, ಇದು ನಮ್ಮ ಮುಯ್ಯಿ, ನಮಗೆ ತಲುಪಿದೆ ಎಂದು ಸಹಿ ಹಾಕಿಸಿಕೊಂಡು ಬರಬೇಕು ಎಂದಳು. ಭಾವನ ಮಗಳ ಮದುವೆಯದೇ ದೊಡ್ಡ ಮೊತ್ತ. ಅದೊಂದು ಮುಯ್ಯಿ ಎಂದು ಒಪ್ಪಿಗೆಯಾದರೆ ನಾನು ಮಿತಿಯೊಳಗೆ, ಇಲ್ಲದಿದ್ದರೆ ಹೊರಗೆ.

ಅಲ್ಲಿಂದ ಮುಂದೆ ನನಗೆ ಅನ್ನ ಸೇರಲಿಲ್ಲ. ಗಿರಾಕಿ ಫೋನ್ ತೆಗೆದರೆ ನಗದಿದೆಯೇ ಎಂದು ಕೇಳುತ್ತಿದ್ದೆ. ಡಬ್ಬ ಕೂಗಿದರೆ ಬೀದಿಯವರೆಲ್ಲ ಕೇಳಿಸಿಕೊಂಡು ಬರೆದುಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು. ಪಕ್ಕದ ಪ್ಲಾಸ್ಟಿಕ್ ಅಂಗಡಿಯವರು ತಮ್ಮ ಬೋರ್ಡನ್ನು ಆಗಲೇ ಒಳಗಿಟ್ಟು, ನಗದು ಮಾತ್ರ ಎಂದು ಚೀಟಿ ಅಂಟಿಸಿದ್ದರು. ನನ್ನನ್ನು ಕಂಡರೆ ಜ್ವರ ಬಂದವರನ್ನು ನೋಡಿದ ಹಾಗೆ ನೋಡುತ್ತಿದ್ದರು.

ನಲ್ಲಂಪಳ್ಳಿಯವರು ಕಾಫಿ ಕೊಟ್ಟು, ಪೇಪರನ್ನು ತಿರುಗಿಸಿ ಮುರುಗಿಸಿ ನೋಡಿ, ಸಹಿ ಹಾಕಿದರು. ಅವರ ಬೀಗರೂ ಹಾಕಿದರು. ಉಳಿದದ್ದು ಭಾವ. ಮನೆಯವರೇ ಎಂದು ಕೊನೆಗೆ ಇಟ್ಟುಕೊಂಡಿದ್ದೆ.

ಪಾಲಕೋಡಿಗೆ ಹೋದಾಗ ಮಂಡಿಯಲ್ಲಿ ಟೊಮೆಟೊ ಕ್ರೇಟುಗಳ ನಡುವೆ ನಿಂತಿದ್ದರು. ಸಹಿ ಎಂದೊಡನೆ ಪೇಪರನ್ನು ಕೈಗೇ ತೆಗೆದುಕೊಳ್ಳಲಿಲ್ಲ.

"ನಾನು ಯಾವ ಗೌರ್ಮೆಂಟಿಗೂ ಕೈಎಳುತ್ತು ಆಕಲ್ಲಮ್ಮ. ಇವತ್ತು ನಿನ್ನ ಕೇಳಿದೋರು ನಾಳೆ ನನ್ ಮಂಡಿಗೆ ಬರ್ತಾರೆ."

"ಭಾವ, ಅದು ನಿಮ್ಮ ಮಗಳ ಮದುವೆ ದುಡ್ಡಲ್ವಾ?"

"ಅಲ್ಲ ಅಂದ್ನಾ? ಆದ್ರೂ ನನ್ನ ಎಸ್ರು ಅದ್ರಲ್ಲಿ ಬರಬಾರ್ದು. ಊಟ ಮಾಡ್ಕೊಂಡು ಓಗು."

ನನಗೆ ಬಂದ ಸಿಟ್ಟಿಗೆ ಊಟ ಬೇಡವೆಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದೆ. ಅರ್ಧ ದಾರಿಗೆ ಸಿಟ್ಟು ಇಳಿದು ಹೆದರಿಕೆ ಮಾತ್ರ ಉಳಿಯಿತು. ನಿಜ ಹೇಳಬೇಕೆಂದರೆ ಅವರಿಗಿದ್ದದ್ದೂ ಅದೇ ಹೆದರಿಕೆ.

ಮನೆಗೆ ಬಂದು ಬ್ಯಾಂಕಿನ ಪಟ್ಟಿಯನ್ನು ಯಜಮಾನರ ಮುಂದೆ ಎಸೆದೆ. "ನಿಮ್ಮಣ್ಣ ಕೈಬಿಟ್ರು. ಆ ದಿನ ಬಂದದ್ದು ಮುಯ್ಯಿ ಅಂತ ಇನ್ಯಾರು ಹೇಳ್ತಾರೆ?"

ಅವರು ಮುದ್ದೆ ಮುರಿಯುತ್ತಾ, "ಡಬ್ಬನೇ ಹೇಳ್ತಿತ್ತಲ್ಲೇ," ಎಂದರು. "ದಿನವೆಲ್ಲಾ ಐನೂಟ್ರಿ ಒನ್ರು, ಆಯಿರತ್ತಿ ಒನ್ರು. ಐನೂರ ಒಂದು, ಸಾವಿರದ ಒಂದು ರೂಪಾಯಿಗೆ ಯಾವನು ಕೊಡ ಮಾರ್ತಾನೆ?"

ನಾನು ಸಾರಿನ ಸೌಟು ಹಿಡಿದುಕೊಂಡೇ ಪಟ್ಟಿ ನೋಡಿದೆ. ವ್ಯಾಪಾರದ ದಿನಗಳಲ್ಲಿ ಮುನ್ನೂರ ನಲವತ್ತು, ಎಂಟುನೂರ ಐವತ್ತು, ಹೀಗೆ ಬಾಯಿಗೆ ಬಂದ ಮೊತ್ತ. ಮದುವೆಯ ದಿನ ಮೇಲಿಂದ ಕೆಳಗಿನವರೆಗೆ ಎಲ್ಲದರ ಕೊನೆಯಲ್ಲೂ ಒಂದು. ಇಷ್ಟು ದಿನ ಆ ಪಟ್ಟಿಯನ್ನು ಹಿಡಿದುಕೊಂಡೇ ತಿರುಗಿದ್ದೆ, ಹೆದರಿಕೆಯಲ್ಲಿ ಒಟ್ಟು ಮೊತ್ತ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಆಡಿಟರ್ ಹುಡುಗಿ ಅದನ್ನು ನೋಡಿ ಮೊದಲ ಸಲ ನಕ್ಕಳು. ಆದರೆ ಯಾರ ಮನೆಯ ಮದುವೆ, ಯಾವ ಮಂಟಪ ಎಂದು ಉತ್ತರದಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಈ ಒಂದಕ್ಕೆ ಬೆಲೆಯಿಲ್ಲ ಎಂದಳು.

"ಅಣ್ಣನ ಎಸ್ರು ಬೇಡ," ಎಂದರು ಯಜಮಾನರು, ಮನೆಗೆ ಬಂದು ಹೇಳಿದಾಗ.

"ಬೇರೆ ದಾರಿ ಹೇಳಿ, ಕೇಳ್ತೀನಿ."

ಭಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಅವರ ಹೆಸರು, ಊರು, ಮಗಳ ಲಗ್ನಪತ್ರಿಕೆ, ಎಲ್ಲ ಸೇರಿಸಿ ಕೆಳಗೆ ನನ್ನ ಸಹಿ ಹಾಕಿದೆ. ನನಗೆ ಅಂಗಡಿ ಬೇಕಿತ್ತು. ಇವತ್ತೂ ಅದಕ್ಕೆ ನಾಚಿಕೆಪಡುವುದಿಲ್ಲ.

ಕಚೇರಿಯಲ್ಲಿ ವಿಚಾರಣೆಗೆ ಕೂತಿದ್ದವರು ನನ್ನ ವಯಸ್ಸಿನ ಒಬ್ಬ ಅಧಿಕಾರಿಣಿ. ವಣಕ್ಕಂ ಎಂದು ಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಪೆನ್ನನ್ನು ಮದುವೆಯ ದಿನದ ಸಾಲುಗಳ ಮೇಲೆ ಇಳಿಸುತ್ತಾ ಹೋದರು. ಅರ್ಧಕ್ಕೆ ಬಂದಾಗ ತಲೆ ಎತ್ತಿ, "ಮೊಯ್ಯಾ?" ಎಂದರು. ಹೌದೆಂದು ತಲೆಯಾಡಿಸಿದೆ. ಉಳಿದ ಸಹಿಗಳನ್ನೂ ಒಂದೊಂದಾಗಿ ನೋಡಿದರು. ತೆರಿಗೆ, ದಂಡ ಎರಡೂ ಇಲ್ಲ, ಆದರೆ ಅಂಗಡಿಯ ಬೋರ್ಡನ್ನು ಇನ್ನು ಅಂಗಡಿಯಲ್ಲೇ ಇಡಿ, ಮಿತಿಯ ಹತ್ತಿರವೇ ಇದ್ದೀರಿ, ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಸಂಜೆ ಭಾವನಿಗೆ ಫೋನ್ ಮಾಡಿದಾಗ ಎತ್ತಿದರು. ಹೆಸರು ಬರೆದದ್ದನ್ನು ನಾನೇ ಹೇಳಿದೆ. "ಸರಿ," ಎಂದು ಇಟ್ಟುಬಿಟ್ಟರು. ಅವರ ಮಂಡಿಗೆ ಇವತ್ತಿನವರೆಗೂ ಯಾವ ಅಧಿಕಾರಿಯೂ ಹೋಗಿಲ್ಲ.

ನೋಂದಣಿ ಮಾಡಿಸಿದೆ. ಕೊಳ್ಳುವುದಕ್ಕೂ ಮಾರುವುದಕ್ಕೂ ಬಿಲ್ಲು ಇಡುತ್ತೇನೆ, ಹೊತ್ತಿಗೆ ಸರಿಯಾಗಿ ಲೆಕ್ಕ ಒಪ್ಪಿಸುತ್ತೇನೆ. ಮನೆಯ ಹಣಕ್ಕೆ ಬೇರೆ ಖಾತೆ. ಆದರೂ ತಾರೀಕು ಹತ್ತಿರ ಬಂದರೆ ಬಿಲ್ಲುಗಳನ್ನು ಮತ್ತೆ ಮತ್ತೆ ಎಣಿಸುತ್ತೇನೆ.

ಮರುವರ್ಷ ಅಂಗಡಿಯ ಮೇಲೆ ಮನೆ ಕಟ್ಟಿ ಹಾಲು ಉಕ್ಕಿಸಿದೆವು. ಭಾವ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಬಿಳಿ ಪಂಚೆ ಉಟ್ಟು, ಎಲ್ಲರನ್ನೂ ಮಾತಾಡಿಸಿ, ಮುಯ್ಯಿ ಟೇಬಲ್ ಹತ್ತಿರ ಹೋದರು. ಅಲ್ಲಿ ಬೋರ್ಡು ಇರಲಿಲ್ಲ, ನನ್ನ ತಮ್ಮ ನಗದು ತೆಗೆದುಕೊಂಡು ಬರೆಯುತ್ತಿದ್ದ. ಅವರ ಮಗಳ ಮದುವೆಗೆ ನಾವು ಐದು ಸಾವಿರದ ಒಂದು ಹಾಕಿದ್ದೆವು. ಭಾವ ಹೊಸ ನೋಟುಗಳನ್ನು ಎಣಿಸಿ ಇಟ್ಟರು. ತಮ್ಮ ಎಣಿಸಿಕೊಂಡು ಕೈ ಚಾಚಿದ.

"ಐದು ಸಾವಿರ ಐತೆ ಭಾವ. ಮೇಲಕ್ಕೆ ಒಂದ್ರೂಪಾಯಿ?"

"ಅಷ್ಟೇ ಬರ್ಕೊ," ಎಂದು ಊಟದ ಪಂಕ್ತಿಗೆ ನಡೆದರು.

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಸೊಂಟದ ಚೀಲದಲ್ಲಿ ಬೇಕಾದಷ್ಟು ಚಿಲ್ಲರೆ ಇತ್ತು. ಆದರೆ ಆ ಒಂದು ರೂಪಾಯಿ ಅವರ ಕೈಯಿಂದಲೇ ಬರಬೇಕಿತ್ತು.